ಒಂಟಿ ಈಡಿನ ಗುರಿಕೋವಿಗೆ ತೋಟೆ ಆರಿಸುವುದು ಹೇಗೆ: ಕಪ್ಪುಮದ್ದಿನ ಸಿಲೂಯೆಟ್ ಪಂದ್ಯಕ್ಕೆ ಸಮಗ್ರ ಮಾರ್ಗದರ್ಶಿ

ಅಮೆರಿಕದ ಮೊಂಟಾನಾ ರಾಜ್ಯದ ಬಿಗ್ ಟಿಂಬರ್ ಎಂಬ ಸಣ್ಣ ಊರಿನಲ್ಲಿ 1874ರ ಮಾದರಿಯ, ಒಂದು ಸಲಕ್ಕೆ ಒಂದೇ ಈಡು ಹೊಡೆಯುವ ಶಾರ್ಪ್ಸ್ ಕೋವಿಗಳನ್ನು ಇವತ್ತಿಗೂ ಹೊಸದಾಗಿ ಮಾಡಿಕೊಡುತ್ತಾರೆ. ಆರ್ಡರ್ ಕೊಡುವಾಗ ಹಿಡಿಯ ಮರ ಯಾವುದು, ನಳಿಗೆ ಎಷ್ಟುದ್ದ, ಗುರಿಗಣ್ಣು ಯಾವ ಬಗೆ ಎಂದೆಲ್ಲ ಕೇಳುತ್ತಾರೆ. ಅವುಗಳಲ್ಲಿ ಎಡವಿದರೆ ಹೇಗೋ ಸುಧಾರಿಸಿಕೊಳ್ಳಬಹುದು. ಆದರೆ ತೋಟೆಯ (ಹಿತ್ತಾಳೆಯ ಕೇಸು, ಅದರೊಳಗಿನ ಮದ್ದು, ತುದಿಯ ಗುಂಡು ಸೇರಿದ್ದು) ಹೆಸರು ಬರೆಯುವ ಖಾನೆಯಲ್ಲಿ ಎಡವಿದಿರೋ, ನಳಿಗೆಯನ್ನೇ ಬದಲಿಸಬೇಕು.

ನಾನು ಎಡವಿದ್ದೇನೆ. ಒಂದು ಸಿನಿಮಾ ನೋಡಿದ ಗುಂಗಿನಲ್ಲಿ .45-110 ಎಂಬ ಭಾರಿ ತೋಟೆಯ ಹೆಸರು ಬರೆದುಬಿಟ್ಟೆ. ಎರಡು ಬೇಸಿಗೆ ಹೆಗಲು ಉಜ್ಜಿಕೊಂಡು ಕಳೆದು, ಆ ಕೋವಿಯನ್ನು ನನಗಿಂತ ದಪ್ಪಗಿದ್ದವರೊಬ್ಬರಿಗೆ ಮಾರಿದೆ. ಆಗ ಕಲಿತದ್ದು ಇಷ್ಟೇ: ತೋಟೆಯಿಂದ ಶುರುಮಾಡಬಾರದು. ಮೊದಲು ಪಂದ್ಯ, ಆಮೇಲೆ ಗುಂಡು, ಆಮೇಲೆ ಹೆಗಲು. ಈ ಮೂರು ತೀರ್ಮಾನವಾದರೆ ತೋಟೆ ತಾನಾಗಿ ಗೊತ್ತಾಗುತ್ತದೆ, ಹೆಚ್ಚಿನ ಸಲ ಅದು ನೀವಂದುಕೊಂಡಿದ್ದಕ್ಕಿಂತ ಚಿಕ್ಕದೇ ಆಗಿರುತ್ತದೆ.

ಊರಲ್ಲಿ ಕುಳಿತು ಓದುವವರಿಗೆ ಒಂದು ಮಾತು. ಇಲ್ಲಿರುವುದು ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪಂದ್ಯಕ್ಕಿಳಿಯುವವರಿಗೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಪರವಾನಗಿಯಿಲ್ಲದೆ ಸಾಮಾನ್ಯವಾಗಿ ತೋಟೆ ಮುಟ್ಟುವಂತಿಲ್ಲ, ಮನೆಯಲ್ಲಿ ಮದ್ದು ತುಂಬುವ ಮಾತಂತೂ ದೂರವೇ ಉಳಿಯಿತು. 50 ಮೀಟರ್ ಒಲಿಂಪಿಕ್ ಗುರಿಯಾಟ ಆಡುವವರಿಗೆ ಆಯ್ಕೆಯ ತಲೆನೋವೇ ಇಲ್ಲ: .22 ಲಾಂಗ್ ರೈಫಲ್, ಮುಗಿಯಿತು. ಕೈಲ್‌ಪೊಳ್ದಿನಲ್ಲಿ ತೆಂಗಿನಕಾಯಿಗೆ ಈಡು ಹೊಡೆದು ಬೆಳೆದ ಕೊಡಗಿನವರಿಗೆ ಮಾತ್ರ ಮುಂದಿನ ಕೆಲವು ಮಾತು ಕೇಳಿದಂತೆಯೇ ಅನ್ನಿಸಬಹುದು. ಗಾಳಿ ಎಲ್ಲ ಕಡೆಯೂ ಗಾಳಿಯೇ.

ಹೆಜ್ಜೆ 1: ಯಾವ ಪಂದ್ಯ ಎಂದು ಮೊದಲು ಗಟ್ಟಿಮಾಡಿಕೊಳ್ಳಿ

ಕಪ್ಪುಮದ್ದಿನ ಸಿಲೂಯೆಟ್ ಪಂದ್ಯವನ್ನು ಅಮೆರಿಕದ ನ್ಯಾಷನಲ್ ರೈಫಲ್ ಅಸೋಸಿಯೇಷನ್ 1985ರಲ್ಲಿ ಶುರುಮಾಡಿತು. ನ್ಯೂ ಮೆಕ್ಸಿಕೋದ ರಾಟನ್ ಬಳಿಯ ವಿಟಿಂಗ್‌ಟನ್ ಸೆಂಟರ್ ಅದರ ತವರುಮನೆ ಇದ್ದಂತೆ. ಗುರಿಗಳೆಲ್ಲ ಉಕ್ಕಿನ ಪ್ರಾಣಿಗಳು. 200 ಮೀಟರಿನಲ್ಲಿ ಕೋಳಿ, 300ರಲ್ಲಿ ಹಂದಿ, 385ರಲ್ಲಿ ಟರ್ಕಿ ಕೋಳಿ, 500ರಲ್ಲಿ ಟಗರು. ಕೋಳಿಗೆ ನಿಂತು, ಯಾವ ಆಸರೆಯೂ ಇಲ್ಲದೆ ಹೊಡೆಯಬೇಕು. ಉಳಿದ ಮೂರಕ್ಕೆ ನೆಲದ ಮೇಲೆ ಕುಳಿತೋ ಮಲಗಿಯೋ ಕತ್ತರಿಯಂತೆ ಕಟ್ಟಿದ ಎರಡು ಕಡ್ಡಿಗಳ ಮೇಲೆ ನಳಿಗೆ ಇಟ್ಟು ಹೊಡೆಯಬಹುದು. ಪಕ್ಕದಲ್ಲಿ ದುರ್ಬೀನು ಹಿಡಿದು ಗುಂಡು ಬಿದ್ದ ಜಾಗ ಹೇಳುವ ಜೊತೆಗಾರ ಇರಬಹುದು. ಪ್ರಾಣಿಗೆ ತಗುಲಿದರೆ ಸಾಲದು, ಅದು ಉರುಳಬೇಕು. ಟಣ್ ಎಂದು ಸದ್ದು ಮಾಡಿ ನಿಂತೇ ಇರುವ ಟಗರಿಗೆ ಅಂಕ ಸೊನ್ನೆ.

ಕೋವಿಯ ನಿಯಮವೂ ಬಿಗಿ. 1896ಕ್ಕಿಂತ ಹಿಂದಿನ ಅಮೆರಿಕದ ಮಾದರಿ ಅಥವಾ ಅದರ ಪಡಿಯಚ್ಚು, ಒಂದು ಸಲಕ್ಕೆ ಒಂದೇ ತೋಟೆ, ತೋಟೆ ಸಿಡಿಸುವ ಸುತ್ತಿಗೆ ಹೊರಗೆ ಕಾಣುವಂತಿರಬೇಕು, ಗುರಿಗಣ್ಣೂ ಸೇರಿ ತೂಕ 12 ಪೌಂಡ್ 2 ಔನ್ಸ್ ಮೀರಬಾರದು. ಸೀಸದ ಗುಂಡು, ಕಪ್ಪುಮದ್ದು. ಹಾಗಾಗಿ ಸುತ್ತಿಗೆ ಒಳಗಿರುವ ರೂಗರ್ ನಂಬರ್ ಒನ್ ಎಷ್ಟೇ ಚೆಂದವಿದ್ದರೂ ಇಲ್ಲಿ ಸಲ್ಲದು. ಶಾರ್ಪ್ಸ್, ರೆಮಿಂಗ್ಟನ್ ರೋಲಿಂಗ್ ಬ್ಲಾಕ್, ಜಾನ್ ಬ್ರೌನಿಂಗ್ ಕೈಯಿಂದ ಬಂದ ವಿಂಚೆಸ್ಟರ್ ಹೈ ವಾಲ್, ಇವು ಸಲ್ಲುತ್ತವೆ.

ಇದೇ ಕೋವಿಗಳಿಗೆ ಬೇರೆ ಎರಡು ಆಟಗಳೂ ಇವೆ. ಒಂದು, ಜರ್ಮನಿಯಿಂದ ವಲಸೆ ಬಂದವರು ತಂದ ಶುಟ್ಸನ್: 200 ಗಜ, ಕಾಗದದ ಗುರಿ, ನಿಂತು ಹೊಡೆಯುವುದು. ಇನ್ನೊಂದು, 800, 900, 1,000 ಗಜಗಳ ದೂರದ ಪಂದ್ಯ. ಅದರ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1874ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕಿನ ಕ್ರೀಡ್‌ಮೂರ್ ಮೈದಾನದಲ್ಲಿ ಐರ್ಲೆಂಡಿನವರು ಬಾಯಿಂದ ಮದ್ದು ತುಂಬುವ ರಿಗ್ಬಿ ಕೋವಿಗಳನ್ನೂ, ಅಮೆರಿಕದವರು ಹಿಂಬದಿಯಿಂದ ತೋಟೆ ಹಾಕುವ ಶಾರ್ಪ್ಸ್ ಮತ್ತು ರೆಮಿಂಗ್ಟನ್ ಕೋವಿಗಳನ್ನೂ ಹಿಡಿದು ಎದುರಾದರು. ಐರಿಷ್ ತಂಡದ ಮಿಲ್ನರ್ ಒಂದು ಈಡನ್ನು ಸರಿಯಾಗಿ ನಡುವಿಗೇ ಹೊಡೆದರು, ಆದರೆ ಪಕ್ಕದವರ ಹಲಗೆಗೆ! ಅಂಕ ಹೋಯಿತು. ಕೊನೆಗೆ ಅಮೆರಿಕ 934, ಐರ್ಲೆಂಡ್ 931. ಈಗ ಎಲ್ಲರ ಬಾಯಲ್ಲಿರುವ 6.5 ಕ್ರೀಡ್‌ಮೂರ್ ತೋಟೆ ಹೊತ್ತಿರುವುದು ಆ ಮೈದಾನದ ಹೆಸರನ್ನೇ.

ಮೂರು ಆಟಕ್ಕೂ ಒಂದೇ ಕೋವಿ ಸಾಕು ಎನ್ನುವವರು ಇದ್ದಾರೆ. ಹೊಡೆಯಬಹುದು, ಗೆಲ್ಲುವುದು ಕಷ್ಟ. ಮುಂದಿನ ಹೆಜ್ಜೆಗಳನ್ನು ಸಿಲೂಯೆಟ್ ನಡುವಿಗಿಟ್ಟುಕೊಂಡೇ ಬರೆದಿದ್ದೇನೆ.

ಹೆಜ್ಜೆ 2: ಹೆಸರಿನ ಅಂಕಿಗಳನ್ನು ಓದಲು ಕಲಿಯಿರಿ

ಹಳೆಯ ಹೆಸರುಗಳಲ್ಲಿ ಮೊದಲ ಅಂಕಿ ಇಂಚಿನ ನೂರನೇ ಭಾಗದಲ್ಲಿ ಗುಂಡಿನ ವ್ಯಾಸ, ಎರಡನೆಯದು ಗ್ರೇನ್ ಲೆಕ್ಕದಲ್ಲಿ ಕಪ್ಪುಮದ್ದು. .45-70 ಎಂದರೆ 70 ಗ್ರೇನ್, ನಮ್ಮ ತೂಕದಲ್ಲಿ ನಾಲ್ಕೂವರೆ ಗ್ರಾಮ್. ಈ ಲೆಕ್ಕ ಸುಮಾರು ಮಾತ್ರ. .45-70ರ ಗುಂಡಿನ ನಿಜವಾದ ವ್ಯಾಸ .458 ಇಂಚು. ಈಗಿನ ದಪ್ಪ ಗೋಡೆಯ ಕೇಸಿನಲ್ಲಿ, ಉದ್ದ ಗುಂಡು ಕೂರಿಸಿದ ಮೇಲೆ, 70 ಗ್ರೇನ್ ತುಂಬಲು ಹೆಣಗಬೇಕು.

ಒಂದೇ ಹೆಸರಿನಲ್ಲಿ ಎರಡು ತೋಟೆ ಇರುವುದೂ ಉಂಟು. .40-70 ಶಾರ್ಪ್ಸ್ ಎಂದರೆ ನೇರ ಕೊಳವೆಯದೂ ಇದೆ, ಕುತ್ತಿಗೆ ಕಿರಿದಾದದ್ದೂ ಇದೆ. ಒಂದರದು ಇನ್ನೊಂದರಲ್ಲಿ ಹೋಗದು. ಕೋವಿ ಮಾರುವವರು ಫೋನಿನಲ್ಲಿ "ಫಾರ್ಟಿ-ಸೆವೆಂಟಿ" ಎಂದಷ್ಟೇ ಹೇಳಿದರೆ, ಕೇಸಿನ ಉದ್ದವೂ ಆಕಾರವೂ ಬರಹದಲ್ಲಿ ಬರುವ ತನಕ ದುಡ್ಡು ಕಳಿಸಬೇಡಿ.

ಹೆಜ್ಜೆ 3: ತೋಟೆಗಿಂತ ಮುಂಚೆ ಗುಂಡನ್ನು ಆರಿಸಿ, ಗುಂಡಿಗೆ ತಕ್ಕ ತಿರುವನ್ನು ಲೆಕ್ಕಹಾಕಿ

ಇಡೀ ಬರಹದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು.

ಕಪ್ಪುಮದ್ದಿನಿಂದ ವೇಗ ಹೆಚ್ಚು ಸಿಗುವುದಿಲ್ಲ. ಸೆಕೆಂಡಿಗೆ 1,150ರಿಂದ 1,350 ಅಡಿಯೊಳಗೇ ನಮ್ಮ ಆಟ. ವೇಗ ಕೂಡಿಸಲಾಗದಿದ್ದರೆ ಗಾಳಿಯನ್ನು ಸೀಳುವ ಕೆಲಸ ಗುಂಡಿನ ಉದ್ದ ಮತ್ತು ತೂಕದ ಪಾಲಿಗೆ ಬರುತ್ತದೆ. ಒಂದೇ ವ್ಯಾಸದಲ್ಲಿ ಉದ್ದ ಹೆಚ್ಚಿದಷ್ಟೂ ಗುಂಡು ದೂರದಲ್ಲಿ ವೇಗ ಉಳಿಸಿಕೊಳ್ಳುತ್ತದೆ. ಆದರೆ ಉದ್ದ ಗುಂಡು ಬುಗುರಿಯಂತೆ ಜೋರಾಗಿ ತಿರುಗಬೇಕು, ಇಲ್ಲದಿದ್ದರೆ ಅಡ್ಡಬಿದ್ದು ಹೋಗುತ್ತದೆ. ಗುಂಡನ್ನು ತಿರುಗಿಸುವುದು ನಳಿಗೆಯೊಳಗಿನ ಸುರುಳಿ ಗೀರು. ಎಷ್ಟು ಇಂಚಿಗೆ ಒಂದು ಪೂರ್ತಿ ಸುತ್ತು ಎನ್ನುವುದೇ ಅದರ ಅಳತೆ.

ವೂಲ್‌ವಿಚ್‌ನ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟ ಸೂತ್ರ ಸೀಸದ ಗುಂಡಿಗೆ ಈಗಲೂ ಸಾಕು. ಗುಂಡಿನ ವ್ಯಾಸವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ. ಎಲ್ಲವೂ ಇಂಚಿನಲ್ಲಿ.

.458 ವ್ಯಾಸ, 1.4 ಇಂಚು ಉದ್ದದ ಗುಂಡಿಗೆ ಉತ್ತರ ಸುಮಾರು 22.5. ಅಂದರೆ 22 ಇಂಚಿಗೊಂದು ಸುತ್ತಿರುವ ನಳಿಗೆ ಅಂಚಿನಲ್ಲಿದೆ. ಅಮೆರಿಕದ ಸೈನ್ಯದ ಹಳೆಯ ಟ್ರಾಪ್‌ಡೋರ್ ಕೋವಿಗಳದು ಇದೇ ತಿರುವು. ಅವಕ್ಕೆ ಗಿಡ್ಡನೆಯ 405 ಗ್ರೇನ್ ಗುಂಡು ಸರಿಹೋಗುತ್ತಿತ್ತು. ಈಗಿನ ಪಂದ್ಯದ ನಳಿಗೆಗಳು ಸಾಮಾನ್ಯವಾಗಿ 18 ಇಂಚಿಗೊಂದು ಸುತ್ತಿನವು, ಆದ್ದರಿಂದ ಕೈಯಲ್ಲಿ ಸ್ವಲ್ಪ ಉಳಿಕೆ ಇರುತ್ತದೆ.

.408 ವ್ಯಾಸ, 1.35 ಇಂಚು ಉದ್ದಕ್ಕೆ 18.5 ಬರುತ್ತದೆ. .40ರ ನಳಿಗೆಗಳು 16ರ ತಿರುವಿನಲ್ಲಿ ಬರುವುದರಿಂದ ಚಿಂತೆಯಿಲ್ಲ.

.375 ವ್ಯಾಸ, 1.3 ಇಂಚು ಉದ್ದಕ್ಕೆ 16.2. ಬಲೆ ಇರುವುದು ಇಲ್ಲಿಯೇ. .38-55ರ ಹಳೆಯ ವಿಂಚೆಸ್ಟರ್ ನಳಿಗೆ 18 ಇಂಚಿಗೊಂದು ಸುತ್ತಿನದು, 255 ಗ್ರೇನಿನ ಗಿಡ್ಡ ಗುಂಡಿಗಾಗಿ ಮಾಡಿದ್ದು. ಟಗರು ಉರುಳಿಸುವ ಆಸೆಯಿಂದ ಅದರಲ್ಲಿ 330 ಗ್ರೇನಿನ ಉದ್ದ ಗುಂಡು ಹೊಡೆದರೆ, ಗುರಿಹಲಗೆಯಲ್ಲಿ ದುಂಡು ತೂತಿನ ಬದಲು ಕೀಲಿಕೈ ತೂತಿನಾಕಾರ ಕಾಣುತ್ತದೆ. ಹೊಸ ನಳಿಗೆಯಾದರೆ 14 ಅಥವಾ 12 ಎಂದೇ ಬರೆಸಿ.

ಇನ್ನೂ ದೊಡ್ಡ ಬಲೆ .45-90ರದು. ವಿಂಚೆಸ್ಟರ್ ಅದನ್ನು ತನ್ನ 1886ರ ಲಿವರ್ ಕೋವಿಗಾಗಿ 300 ಗ್ರೇನಿನ ಹಗುರ ಗುಂಡಿನೊಂದಿಗೆ ತಂದಾಗ ತಿರುವು 32 ಇಂಚಿಗೊಂದು. ಹಳೆಯ ವಿಂಚೆಸ್ಟರ್ ನಳಿಗೆ ಸಿಕ್ಕಿತು, ಅಗ್ಗಕ್ಕೂ ಸಿಕ್ಕಿತು ಎಂದು ಹಿಗ್ಗುವ ಮುಂಚೆ ಶುಚಿ ಮಾಡುವ ಸಲಾಕೆಗೆ ಬಿಗಿಯಾಗಿ ಬಟ್ಟೆ ಸಿಕ್ಕಿಸಿ ಒಳಗೆ ತಳ್ಳಿ, ಸಲಾಕೆ ಒಂದು ಸುತ್ತು ತಿರುಗಲು ಎಷ್ಟು ಇಂಚು ಹೋಯಿತೆಂದು ಅಳೆಯಿರಿ. ಎರಡು ನಿಮಿಷದ ಕೆಲಸ.

ಹೆಜ್ಜೆ 4: ಹೆಗಲಿನ ಮಾತು ಕೇಳಿ

ಒಂದು ಪಂದ್ಯಕ್ಕೆ 40 ಈಡು, ಗುರಿ ಹೊಂದಿಸಿಕೊಳ್ಳುವ ಈಡುಗಳೂ ಸೇರಿದರೆ 60ರ ಹತ್ತಿರ. ಮೊದಲ ಹತ್ತು ಈಡಿಗೆ ಯಾವ ಕೋವಿಯೂ ಹಿತವಾಗಿಯೇ ಇರುತ್ತದೆ. ಮಾತು ಇರುವುದು ಐವತ್ತನೆಯ ಈಡಿನದು.

12 ಪೌಂಡಿನ ಕೋವಿ ಎಂದಿಟ್ಟುಕೊಂಡು ನಾನು ಹಾಕಿದ ಒದೆತದ ಲೆಕ್ಕ ಹೀಗಿದೆ. .38-55ರಲ್ಲಿ 330 ಗ್ರೇನ್ ಗುಂಡಿಗೆ ಸುಮಾರು 6 ಅಡಿ-ಪೌಂಡು. .40-65ರಲ್ಲಿ 400 ಗ್ರೇನಿಗೆ 10. .45-70ರಲ್ಲಿ 530 ಗ್ರೇನಿಗೆ 15. ನನ್ನ ಹಳೆಯ .45-110ರಲ್ಲಿ 550 ಗ್ರೇನಿಗೆ 24. ಅಂಕಿ ನೋಡಿದರೆ ಅಂಥ ದೊಡ್ಡದೇನೂ ಅನ್ನಿಸುವುದಿಲ್ಲ. ಆದರೆ ಶಾರ್ಪ್ಸ್ ಕೋವಿಯ ಹಿಂಬದಿ ಹಲವು ಸಲ ಅರ್ಧಚಂದ್ರಾಕಾರದ ಉಕ್ಕಿನ ಪಟ್ಟಿ, ರಬ್ಬರಲ್ಲ. ಕುಳಿತು ಮುಂದಕ್ಕೆ ಬಾಗಿ ಹೊಡೆಯುವಾಗ ಅದು ಕುತ್ತಿಗೆಯ ಬುಡದ ಎಲುಬಿಗೇ ಬಂದು ತಾಗುತ್ತದೆ. ಮೂವತ್ತನೆಯ ಈಡಿಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳಲು ಶುರುವಾಗುತ್ತದೆ, ಬೆರಳು ಕುದುರೆಯನ್ನು (ಟ್ರಿಗರ್) ಜಗ್ಗುತ್ತದೆ. ಹೊಡೆಯುವವರಿಗೇ ಅದು ತಿಳಿಯುವುದಿಲ್ಲ. ಪಕ್ಕದಲ್ಲಿ ಕುಳಿತ ಜೊತೆಗಾರ ಸಂಕೋಚಪಟ್ಟುಕೊಂಡು ಹೇಳಬೇಕು, ನನಗೆ ಹೇಳಿದ ಹಾಗೆ.

ಪರೀಕ್ಷೆ ಸುಲಭ. ಕ್ಲಬ್ಬಿನ ಯಾರಾದರೂ ಒಪ್ಪಿದರೆ ಅವರ .45-70ಯಲ್ಲಿ ಇಪ್ಪತ್ತು ಈಡು ಕುಳಿತು ಹೊಡೆಯಿರಿ. ಕೊನೆಯ ಐದರಲ್ಲಿ, ನಿಮಗೆ ಕಾಣದಂತೆ, ಒಂದು ಸಲ ಮದ್ದಿಲ್ಲದ ಕಸರತ್ತಿನ ತೋಟೆ ಹಾಕಿಕೊಡಲು ಹೇಳಿ. ಸುತ್ತಿಗೆ ಟಕ್ಕೆಂದಾಗ ನಳಿಗೆಯ ತುದಿ ಕುಕ್ಕಿದರೆ ನಿಮ್ಮ ತೋಟೆ .40-65 ಅಥವಾ ಅದಕ್ಕೂ ಚಿಕ್ಕದು. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಹೆಜ್ಜೆ 5: ವೇಗದ ಆಸೆ ಬಿಡಿ

"ದೊಡ್ಡ ಕೇಸು, ಹೆಚ್ಚು ಮದ್ದು, ಹೆಚ್ಚು ವೇಗ, ಹಾಗಾದರೆ ಗಾಳಿ ಕಡಿಮೆ ತಳ್ಳುತ್ತದೆ ತಾನೆ?" ಕೇಳಲು ಸರಿಯಾಗಿದೆ. ಈ ವೇಗದಲ್ಲಿ ಅದು ನಿಜವಲ್ಲ. ಅಡ್ಡಗಾಳಿ ಗುಂಡನ್ನು ಎಷ್ಟು ತಳ್ಳುತ್ತದೆ ಎನ್ನುವುದು ಹಾರಾಟದ ಒಟ್ಟು ಸಮಯದ ಮೇಲೆ ನಿಂತಿಲ್ಲ. ಗಾಳಿಯ ತಡೆಯೇ ಇಲ್ಲದಿದ್ದರೆ ಹಿಡಿಯುತ್ತಿದ್ದ ಸಮಯಕ್ಕಿಂತ ಗುಂಡು ಎಷ್ಟು ತಡವಾಯಿತು ಎಂಬುದರ ಮೇಲೆ ನಿಂತಿದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 1,120 ಅಡಿ. ಅದರ ಮೇಲೆ ತಡೆ ಒಮ್ಮೆಲೇ ಏರುತ್ತದೆ. 1,350ರಲ್ಲಿ ಹೊರಟ ಗುಂಡು ಆ ಹೆಚ್ಚುವರಿ ವೇಗವನ್ನು ಮೊದಲ ಇನ್ನೂರು ಗಜದಲ್ಲೇ ಕಳೆದುಕೊಳ್ಳುತ್ತದೆ, ತಡವೂ ಕೂಡಿಕೊಳ್ಳುತ್ತದೆ. ಬೀಳುವುದು ಸ್ವಲ್ಪ ಕಡಿಮೆಯಾಗಬಹುದು. ಗಾಳಿಗೆ ಜಾರುವುದು ಹೆಚ್ಚುಕಡಿಮೆ ಅಷ್ಟೇ, ಕೆಲವೊಮ್ಮೆ ಹೆಚ್ಚೇ.

ಟಗರಿನ ದೂರಕ್ಕೆ ಗುಂಡು ತಲುಪಲು ಒಂದೂವರೆ ಸೆಕೆಂಡು ಬೇಕು. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಅಷ್ಟರಲ್ಲಿ ಅದನ್ನು ಸುಮಾರು ಮೂರು ಅಡಿ ಪಕ್ಕಕ್ಕೆ ಸರಿಸುತ್ತದೆ. ಇದನ್ನು ಯಾವ ತೋಟೆಯೂ ಅಳಿಸದು. ಗಾಳಿ ಓದುವುದನ್ನು ಕಲಿಯಬೇಕು, ಅಷ್ಟೇ.

ದೊಡ್ಡ ಕೇಸಿಗೆ ಇನ್ನೊಂದು ಕಾಟವಿದೆ, ಕಿಟ್ಟ. ಕಪ್ಪುಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಉಳಿಯುತ್ತದೆ. ಒಂದಿಷ್ಟು ಹೊಗೆಯಾಗಿ ಹೋಗುತ್ತದೆ, ಉಳಿದದ್ದು ನಳಿಗೆಯ ಗೋಡೆಗೆ ಮೆತ್ತಿಕೊಳ್ಳುತ್ತದೆ. ಮೆತ್ತಗಿದ್ದರೆ ತೊಂದರೆಯಿಲ್ಲ, ಒಣಗಿ ಗಟ್ಟಿಯಾದರೆ ಮುಂದಿನ ಗುಂಡು ಕೆಡುತ್ತದೆ. ಅದಕ್ಕೇ ಪ್ರತಿ ಈಡಿನ ಮೇಲೆ ನಳಿಗೆಯ ಹಿಂಬದಿಯಲ್ಲಿ ತೋಟೆ ಕೂರುವ ಚೇಂಬರಿಗೆ ಒಂದು ಕೊಳವೆ ಇಟ್ಟು ನಾಲ್ಕಾರು ಸಲ ನಿಧಾನವಾಗಿ ಉಸಿರು ಊದುವುದು. ಉಸಿರಿನ ತೇವ ಕಿಟ್ಟವನ್ನು ಮೆದುವಾಗಿಸುತ್ತದೆ. ಮಂಗಳೂರಿನ ಜುಲೈ ಹವೆಯಲ್ಲಿ ಹೊಡೆಯುವಂತಿದ್ದರೆ ಊದುವ ಕೆಲಸವೇ ಇರುತ್ತಿರಲಿಲ್ಲವೇನೋ. ರಾಟನ್‌ನ ಒಣ, ಎತ್ತರದ ಬಯಲಿನಲ್ಲಿ 65 ಗ್ರೇನ್ ಮದ್ದಿನ ಕಿಟ್ಟವನ್ನು ಉಸಿರಿನಿಂದ ಹದದಲ್ಲಿಡಬಹುದು. 110 ಗ್ರೇನಿನದಕ್ಕೆ ಪ್ರತಿ ಈಡಿಗೂ ಒದ್ದೆ ಬಟ್ಟೆ ಹಾಯಿಸಬೇಕಾಗುತ್ತದೆ. ಅಷ್ಟರಲ್ಲಿ ಗಾಳಿ ಬದಲಾಗಿರುತ್ತದೆ, ಗಡಿಯಾರವೂ ಓಡಿರುತ್ತದೆ.

ಖರ್ಚನ್ನೂ ಇಲ್ಲೇ ಹೇಳಿಬಿಡುತ್ತೇನೆ. 7,000 ಗ್ರೇನಿಗೆ ಒಂದು ಪೌಂಡು. 60 ಈಡಿಗೆ .45-70 ಅರ್ಧ ಪೌಂಡಿಗಿಂತ ತುಸು ಹೆಚ್ಚು ಮದ್ದು, ನಾಲ್ಕೂವರೆ ಪೌಂಡು ಸೀಸ ನುಂಗುತ್ತದೆ. .40-65ರ ಸೀಸ ಮೂರೂವರೆ ಪೌಂಡಿನೊಳಗೆ. .45-110 ಒಂದೇ ದಿನಕ್ಕೆ ಒಂದು ಡಬ್ಬಿ ಮದ್ದನ್ನು ಬಹುಪಾಲು ಮುಗಿಸುತ್ತದೆ.

ಹೆಜ್ಜೆ 6: ಈಗ ತೋಟೆಗಳನ್ನು ಸಾಲಾಗಿ ನಿಲ್ಲಿಸಿ

.45-70 ಗವರ್ನಮೆಂಟ್. 1873ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಬಂದ ತೋಟೆ, ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಕೇಸು, ಗುಂಡು ಎರೆಯುವ ಅಚ್ಚು, ಕೇಸಿಗೆ ಆಕಾರ ಕೊಡುವ ಡೈ, ಪಕ್ಕದವರ ಅನುಭವ, ಎಲ್ಲವೂ ಧಾರಾಳ. ಮೊದಲ ಕೋವಿ ಕೊಳ್ಳುವವರು, ಗಟ್ಟಿ ಹೆಗಲಿನವರು ಇಲ್ಲಿಗೇ ನಿಲ್ಲಬಹುದು. 530 ಗ್ರೇನ್ ಗುಂಡು ಸರಿಯಾಗಿ ತಗುಲಿದರೆ ಟಗರು ತಕರಾರು ಮಾಡುವುದಿಲ್ಲ. ಹವೆ ಚೆನ್ನಾಗಿದ್ದ ದಿನ 1,000 ಗಜಕ್ಕೂ ಹೋಗುತ್ತದೆ.

.40-65 ವಿಂಚೆಸ್ಟರ್. ನನ್ನ ಈಗಿನ ಕೋವಿ ಇದು, ಹಾಗಾಗಿ ಪಕ್ಷಪಾತ ಇದೆ ಎಂದೇ ತಿಳಿದು ಓದಿ. 1887ರಲ್ಲಿ ಬಂದ ಇದನ್ನು ಬಹುಕಾಲ ಎಲ್ಲರೂ ಮರೆತಿದ್ದರು. ಸಿಲೂಯೆಟ್ ಆಟ ಬಂದ ಮೇಲೆ ಮತ್ತೆ ಜೀವ ಬಂತು. .45-70ರ ಕೇಸನ್ನೇ ಡೈಗೆ ಹಾಕಿ ಬಾಯಿ ಕಿರಿದುಮಾಡಿದರೆ ಇದರ ಕೇಸು ಸಿದ್ಧ, ಆದ್ದರಿಂದ ಹಿತ್ತಾಳೆಗೆ ಬರವಿಲ್ಲ. 400 ಗ್ರೇನಿನ ಗುಂಡು 500 ಮೀಟರಿನ ತನಕ .45ಕ್ಕೆ ಸರಿಸಮ ಹಾರುತ್ತದೆ, ಒದೆತ ಮೂರನೇ ಒಂದು ಪಾಲು ಕಡಿಮೆ. ಟಗರಿನ ಕಾಲಿಗೋ ಬಾಲದ ಕಡೆಗೋ ತಗುಲಿದಾಗ ಒಮ್ಮೊಮ್ಮೆ ಅದು ಅಲುಗಾಡಿ ನಿಂತುಬಿಡುವುದುಂಟು. ವರ್ಷಕ್ಕೆ ಅಂಥ ಒಂದೆರಡು ಟಗರು ಹೋಗುತ್ತವೆ, ನೋಯದ ಹೆಗಲು ಅದಕ್ಕಿಂತ ಹೆಚ್ಚು ಕೋಳಿಗಳನ್ನು ತಂದುಕೊಡುತ್ತದೆ.

.38-55. 1884ರಲ್ಲಿ ಬ್ಯಾಲರ್ಡ್ ಗುರಿಕೋವಿಗಾಗಿಯೇ ಹುಟ್ಟಿದ್ದು, ಆ ಕಾಲದ ಶುಟ್ಸನ್ ಆಟಗಾರರ ಮುದ್ದಿನದು. ಕೋಳಿ, ಹಂದಿ, ಟರ್ಕಿಗೆ ಇದರಷ್ಟು ಹಿತವಾದದ್ದು ಇಲ್ಲ. ಟಗರಿಗೆ ಭಾರ ಸಾಲದು ಎಂಬ ದೂರು ನಿಜ. ಕೇಸಿನ ಉದ್ದದಲ್ಲೂ ಎಚ್ಚರ ಬೇಕು: ಹಳೆಯದು 2.129 ಇಂಚು, ಈಚಿನ ಕಾರ್ಖಾನೆಯದು 2.085. ಉದ್ದ ಚೇಂಬರಿನಲ್ಲಿ ಗಿಡ್ಡ ಕೇಸು ಹಾಕಿದರೆ ಅದರ ಬಾಯಿಯ ಮುಂದೆ ಉಂಗುರದಂತೆ ಸೀಸ ಕಟ್ಟುತ್ತದೆ, ಗುರಿ ಚದುರುತ್ತದೆ.

.32-40. 200 ಗಜದ ಕಾಗದಕ್ಕೆ ಬಂಗಾರ, ಉಕ್ಕಿನ ಪ್ರಾಣಿಗಳಿಗೆ ಬೇಡ.

.45-90 ಮತ್ತು ಅದರ ಮೇಲಿನವು. 800 ಗಜ ದಾಟುವ ಪಂದ್ಯವೇ ನಿಮ್ಮ ಮುಖ್ಯ ಆಟವಾದರೆ 2.4 ಇಂಚು ಕೇಸಿನ .45-90 ನ್ಯಾಯವಾದ ಆಯ್ಕೆ. ಅದಕ್ಕೂ ಮೇಲಿನ .45-110, .45-120, .50-90 ಇತಿಹಾಸದ ಮೋಹಕ್ಕೆ ಸರಿ. 1874ರಲ್ಲಿ ಟೆಕ್ಸಸ್‌ನ ಅಡೋಬಿ ವಾಲ್ಸ್‌ನಲ್ಲಿ ಬಿಲ್ಲಿ ಡಿಕ್ಸನ್ .50ರ ಶಾರ್ಪ್ಸ್‌ನಿಂದ ಮುಕ್ಕಾಲು ಮೈಲಿಗೂ ಆಚೆ ಹೊಡೆದ ಈಡಿನ ಕಥೆ ಪ್ರಸಿದ್ಧ. ಅದು ಅದೃಷ್ಟದ ಈಡು ಎಂದು ಡಿಕ್ಸನ್ನೇ ಒಪ್ಪಿಕೊಂಡಿದ್ದರು. ಆ ಒಪ್ಪಿಗೆಯನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಹೆಜ್ಜೆ 7: ಹಳೆಯ ಕೋವಿಯಾದರೆ ಬಲ ನೋಡಿ

ಅಂಗಡಿಯ .45-70 ತೋಟೆಗಳೆಲ್ಲ ಒಂದೇ ಅಲ್ಲ. ಟ್ರಾಪ್‌ಡೋರ್‌ಗೂ ಸಲ್ಲುವ ಮೃದುವಾದವು ಇವೆ, ಈಗಿನ ಗಟ್ಟಿ ಕೋವಿಗಳಿಗೆಂದೇ ಮಾಡಿದ ಬಿರುಸಾದವೂ ಇವೆ. ಎರಡೂ ಒಂದೇ ಚೇಂಬರಿಗೆ ಹೊಕ್ಕುತ್ತವೆ. 19ನೇ ಶತಮಾನದ ಮೂಲ ಕೋವಿಯಲ್ಲಿ ಎರಡನೆಯದನ್ನು ಹೊಡೆದರೆ ಕೋವಿಯ ಜೊತೆ ಕೈಯೂ ಹೋಗಬಹುದು. ಹೊಗೆಯಿಲ್ಲದ ಮದ್ದನ್ನು ಕಪ್ಪುಮದ್ದಿನ ಅಳತೆಯಲ್ಲಿ ತುಂಬುವುದಂತೂ ಮಾಡಲೇಬಾರದ ಕೆಲಸ. ಮೂಲ ಕೋವಿಯನ್ನು ಕಪ್ಪುಮದ್ದಿಗೆ, ಅದೂ ಬಲ್ಲ ಕೋವಿ ಕಮ್ಮಾರನ ಕೈಯಲ್ಲಿ ಪರೀಕ್ಷೆಯಾದ ಮೇಲೆ, ಮೀಸಲಿಡಿ.

ಕಪ್ಪುಮದ್ದಿನ ಗುಣ ಇನ್ನೊಂದು: ಕೇಸಿನಲ್ಲಿ ಮದ್ದಿಗೂ ಗುಂಡಿಗೂ ನಡುವೆ ಗಾಳಿ ಜಾಗ ಉಳಿಯಬಾರದು. ಉಳಿದರೆ ನಳಿಗೆ ಉಬ್ಬುವ, ಸೀಳುವ ಅಪಾಯವಿದೆ. ಆದ್ದರಿಂದ "ದೊಡ್ಡ ಕೇಸು ತಗೊಂಡು ಮದ್ದು ಕಡಿಮೆ ಹಾಕಿಕೊಂಡರಾಯಿತು" ಎನ್ನುವ ಜಾಣತನ ಇಲ್ಲಿ ನಡೆಯದು. ದೊಡ್ಡ ಕೇಸನ್ನು ತುಂಬಿಸಲೇಬೇಕು. ಚಿಕ್ಕ ಈಡು ಬೇಕೆಂದರೆ ಚಿಕ್ಕ ಕೇಸನ್ನೇ ಆರಿಸಬೇಕು. .45-110 ಮಾರುವ ಮುಂಚೆ ನನಗೆ ಹೊಳೆದಿದ್ದ ಉಪಾಯ ಅದೇ ಆಗಿತ್ತು, ಪುಣ್ಯಕ್ಕೆ ಕೇಳಿ ತಿಳಿದುಕೊಂಡೆ.

ಹೆಜ್ಜೆ 8: ಕೋವಿ ಬಂದ ಮೇಲೆ ಮೊದಲು ಚೇಂಬರ್ ಅಳೆಯಿರಿ

ಗುಂಡಿನ ಬಗೆ ಮೊದಲೇ ತೀರ್ಮಾನವಾಗಿದ್ದರೂ ಗುಂಡಿನ ಅಚ್ಚನ್ನು ಕೋವಿ ಕೈಗೆ ಬರುವ ತನಕ ತರಿಸಬೇಡಿ. ಒಂದೇ ಹೆಸರಿನ ಚೇಂಬರನ್ನು ಬೇರೆ ಬೇರೆ ತಯಾರಕರು ಬೇರೆ ಬೇರೆಯಾಗಿ ಕೊರೆಯುತ್ತಾರೆ. ಕೆಲವರದರಲ್ಲಿ ಕೇಸಿನ ಬಾಯಿಯ ಮುಂದೆ ಗುಂಡಿಗೆ ಉದ್ದನೆಯ ನುಣುಪು ಜಾಗವಿರುತ್ತದೆ, ಕೆಲವರದರಲ್ಲಿ ಗೀರುಗಳು ಅಲ್ಲಿಂದಲೇ ಶುರು.

ಖಾಲಿ ಕೋವಿಯ ಚೇಂಬರನ್ನು ಒರೆಸಿ ಒಣಗಿಸಿ, ಮುಂದೆ ಬಟ್ಟೆಯ ಬಿರಡೆ ಇಟ್ಟು, ಸೆರೋಸೇಫ್ ಎಂಬ ಲೋಹ ಕರಗಿಸಿ ಹೊಯ್ಯಿರಿ. ಕುದಿಯುವ ನೀರಿನ ಬಿಸಿಗಿಂತ ಕೆಳಗೇ ಕರಗುವುದರಿಂದ ಕೋವಿಗೆ ಏನೂ ಆಗದು. ಗಟ್ಟಿಯಾದ ಕೂಡಲೇ ಆ ಲೋಹದ ಪಡಿಯಚ್ಚನ್ನು ತಳ್ಳಿ ತೆಗೆಯಿರಿ, ಅಳೆಯುವ ಆತುರ ಬೇಡ. ಈ ಲೋಹ ಮೊದಲು ಕುಗ್ಗಿ ಮತ್ತೆ ಹಿಗ್ಗುತ್ತದೆ. ಹೊಯ್ದ ಒಂದು ಗಂಟೆಗೆ ಸರಿಯಾಗಿ ಚೇಂಬರಿನ ಅಳತೆಗೆ ಬಂದಿರುತ್ತದೆ. ಅಷ್ಟರಲ್ಲಿ ಒಂದು ಮೆತ್ತನೆಯ ಸೀಸದ ಗುಂಡಿಗೆ ಎಣ್ಣೆ ಸವರಿ ನಳಿಗೆಯ ಬಾಯಿಂದ ಹಿಂಬದಿಗೆ ತಳ್ಳಿ, ಅದರ ಮೇಲೆ ಮೂಡಿದ ಗೀರುಗಳ ಆಳದ ವ್ಯಾಸ ನೋಡಿಕೊಳ್ಳಿ. ನಿಮ್ಮ ಗುಂಡು ಆ ವ್ಯಾಸದಷ್ಟು, ಇಲ್ಲವೇ ಇಂಚಿನ ಸಾವಿರದ ಒಂದು ಭಾಗ ದಪ್ಪ ಇರಬೇಕು.

ಗಂಟೆ ಕಳೆದ ಮೇಲೆ ಪಡಿಯಚ್ಚಿನ ಮೇಲೆ ಮೂರು ಜಾಗ ಅಳೆದು ಬರೆದಿಡಿ: ಕೇಸು ಮುಗಿಯುವ ಉದ್ದ, ಬಾಯಿಯ ಬಳಿಯ ವ್ಯಾಸ, ಅಲ್ಲಿಂದ ಗೀರು ಶುರುವಾಗುವ ತನಕದ ದೂರ. ಗುಂಡಿನ ಅಚ್ಚು ಮಾಡಿಕೊಡುವವರಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳುವುದು ಆ ಮೂರನೆಯ ಅಂಕಿಯನ್ನು.